ಠೇವಣಿಯಿಂದ ಸಾಲವಲ್ಲ, ಸಾಲದಿಂದ ಠೇವಣಿ

ಠೇವಣಿದಾರರು ತಂದು ಸುರಿದ ಹಣ ಕಣಜದ ಕಾಳಿನಂತೆ ಬ್ಯಾಂಕಿನಲ್ಲಿ ಕೂಡಿಬಿದ್ದಿರುತ್ತದೆ, ಬ್ಯಾಂಕು ಅದನ್ನೇ ಅಳೆದು ಸಾಲಗಾರರಿಗೆ ಕೊಡುತ್ತದೆ ಎಂದು ಓದಿದವರೂ ನಂಬಿದ್ದಾರೆ. ಪಠ್ಯಪುಸ್ತಕಗಳೂ ಬಹುಕಾಲ ಹಾಗೆಯೇ ಹೇಳಿಕೊಟ್ಟವು. ನಿಜವಾಗಿ ನಡೆಯುವುದು ಇದಕ್ಕೆ ತೀರ ತಿರುಗುಮುರುಗು.

ಸಾಲ ಮಂಜೂರಾಗುವ ಗಳಿಗೆಯಲ್ಲಿ ಬ್ಯಾಂಕಿನ ಲೆಕ್ಕದ ಪುಸ್ತಕವನ್ನೊಮ್ಮೆ ಇಣುಕಿ ನೋಡಿ. ಮನೆ ಕೊಳ್ಳಲು ಒಬ್ಬರಿಗೆ 50 ಲಕ್ಷದ ಸಾಲ ಸಿಕ್ಕಿದೆ ಎಂದಿಟ್ಟುಕೊಳ್ಳಿ. ಆಸ್ತಿಯ ಬದಿಯಲ್ಲಿ ‘ಇವರಿಂದ ಬರಬೇಕಾದದ್ದು 50 ಲಕ್ಷ’ ಎಂದು ದಾಖಲಾಗುತ್ತದೆ. ಹೊಣೆಯ ಬದಿಯಲ್ಲಿ ಅದೇ ವ್ಯಕ್ತಿಯ ಖಾತೆಗೆ 50 ಲಕ್ಷ ಜಮಾ ಆಗುತ್ತದೆ. ಅಷ್ಟೇ, ಎರಡೂ ಬದಿ ಸರಿದೂಗಿದವು. ಉಳಿದ ಯಾವ ಠೇವಣಿದಾರರ ಖಾತೆಯಿಂದಲೂ ಬಿಡಿಗಾಸು ಕಡಿಮೆಯಾಗಿಲ್ಲ. ನಿನ್ನೆ ಎಲ್ಲಿಯೂ ಇರದಿದ್ದ 50 ಲಕ್ಷ ಇಂದು ಹುಟ್ಟಿದೆ! ಮನೆ ಮಾರಿದವರ ಕೈಸೇರಿದ ಮೇಲೆ ಅದರಿಂದ ತೆರಿಗೆ ಕಟ್ಟಬಹುದು, ಸಂಬಳ ಕೊಡಬಹುದು. ಮುಂದೆ ಸಾಲಗಾರರು ಅಸಲಿನ ಕಂತು ಕಟ್ಟಿದಂತೆಲ್ಲ ಎರಡೂ ಬದಿಯ ಮೊತ್ತ ಇಳಿಯುತ್ತದೆ, ಅಷ್ಟು ಹಣ ಅಳಿದುಹೋಗುತ್ತದೆ. ಬಡ್ಡಿ ಮಾತ್ರ ಬ್ಯಾಂಕಿನ ಆದಾಯವಾಗಿ ಉಳಿಯುತ್ತದೆ.

ಇದು ಯಾರದೋ ಪಿತೂರಿಯ ಕಥೆಯಲ್ಲ. ಬ್ರಿಟನ್ನಿನ ಕೇಂದ್ರ ಬ್ಯಾಂಕಾದ ಬ್ಯಾಂಕ್ ಆಫ್ ಇಂಗ್ಲೆಂಡ್ 2014ರಲ್ಲಿ ತನ್ನ ತ್ರೈಮಾಸಿಕ ಪತ್ರಿಕೆಯಲ್ಲೇ ಇದನ್ನು ಬಿಡಿಸಿ ಬರೆಯಿತು. ಬ್ರಿಟನ್ನಿನ ಜನರ ಬಳಿಯಿದ್ದ ಹಣದಲ್ಲಿ ಸುಮಾರು ಶೇ 97ರಷ್ಟು ಬ್ಯಾಂಕ್ ಠೇವಣಿಯೇ, ನೋಟು ನಾಣ್ಯಗಳು ಉಳಿದ ಚೂರು ಪಾಲು ಎಂದೂ ಹೇಳಿತು.

ಈ ಶಕ್ತಿಯ ರುಚಿ ಯುರೋಪಿಗೆ ಹತ್ತಿದ್ದು ಬಹಳ ಹಿಂದೆಯೇ. ಹದಿನೇಳನೆಯ ಶತಮಾನದ ಸ್ವೀಡನ್ನಿನಲ್ಲಿ ತಾಮ್ರದ ಫಲಕಗಳೇ ಹಣ. ಅತಿ ದೊಡ್ಡ ಫಲಕ ಸುಮಾರು 20 ಕಿಲೋ ತೂಗುತ್ತಿತ್ತು. ಅದನ್ನು ಹೊತ್ತು ಸಾಗಿಸುವ ಪಾಡಿನ ನಡುವೆ 1661ರಲ್ಲಿ ಯೋಹಾನ್ ಪಾಮ್‌ಸ್ಟ್ರುಕ್ ಸ್ಟಾಕ್‌ಹೋಮಿನ ತನ್ನ ಬ್ಯಾಂಕಿನಿಂದ ಕಾಗದದ ನೋಟು ಹೊರಡಿಸಿದ. ಜನ ಮುಗಿಬಿದ್ದರು, ಅವನು ನೋಟನ್ನೇ ಸಾಲವಾಗಿ ಕೊಡುತ್ತ ಹೋದ. ಕೆಲವೇ ವರ್ಷಗಳಲ್ಲಿ ಎಲ್ಲರೂ ಲೋಹ ಕೇಳಿ ಬಾಗಿಲಿಗೆ ಬಂದಾಗ ಕೊಡಲು ಸಾಕಷ್ಟು ಇರಲಿಲ್ಲ. ಅವನಿಗೆ ಮರಣದಂಡನೆ ವಿಧಿಸಿ, ಆಮೇಲೆ ಅದನ್ನು ಇಳಿಸಿದರು. ಆ ಅವಶೇಷದ ಮೇಲೆ 1668ರಲ್ಲಿ ಎದ್ದದ್ದೇ ಇಂದಿಗೂ ಇರುವ ಸ್ವೀಡನ್ನಿನ ಕೇಂದ್ರ ಬ್ಯಾಂಕು, ಜಗತ್ತಿನಲ್ಲೇ ಹಳೆಯದು.

ಹಾಗಾದರೆ ಇಂದಿನ ಬ್ಯಾಂಕುಗಳು ಮನಬಂದಷ್ಟು ಹಣ ಹುಟ್ಟಿಸಬಹುದೇ? ಇಲ್ಲ. ಆ 50 ಲಕ್ಷ ಬೇರೆ ಬ್ಯಾಂಕಿನ ಖಾತೆಗೆ ಹೋದರೆ ಕೇಂದ್ರ ಬ್ಯಾಂಕಿನಲ್ಲಿರುವ ತನ್ನ ಹಣದಿಂದ ಲೆಕ್ಕ ಚುಕ್ತಾ ಮಾಡಬೇಕು. ಸಾಲ ಮುಳುಗಿದರೆ ಪೆಟ್ಟು ಮೊದಲು ಬೀಳುವುದು ಬ್ಯಾಂಕಿನ ಸ್ವಂತ ಬಂಡವಾಳಕ್ಕೆ. ಆ ಬಂಡವಾಳ ಅಪಾಯಕ್ಕೆ ತಕ್ಕಂತೆ ಅಳೆದ ಆಸ್ತಿಯ ಕನಿಷ್ಠ ಶೇ 8ರಷ್ಟಿರಬೇಕೆಂದು ಹಲವು ದೇಶಗಳ ಬ್ಯಾಂಕ್ ನಿಯಂತ್ರಕರು ಕೂಡಿ ಮಾಡಿಕೊಂಡ 1988ರ ಬಾಸೆಲ್ ಒಪ್ಪಂದ ಗೊತ್ತುಮಾಡಿತು. ಠೇವಣಿಯ ಇಂತಿಷ್ಟು ಪಾಲನ್ನು ಮೀಸಲಿಡಬೇಕೆಂಬ ನಿಯಮವೇ ಕಡಿವಾಣ ಎನ್ನುವವರು ಅಮೆರಿಕದ ಕಡೆ ನೋಡಲಿ. ಅಲ್ಲಿ 2020ರ ಮಾರ್ಚ್‌ನಲ್ಲಿ ಆ ಮೀಸಲನ್ನು ಸೊನ್ನೆಗೆ ಇಳಿಸಿದರೂ ಸಾಲಕ್ಕೆ ಮಿತಿಯೇ ಇಲ್ಲದಂತೇನೂ ಆಗಲಿಲ್ಲ.

ನನಗೆ ಆತಂಕವಿರುವುದು ಮನೆಯ ಬೆಲೆಯ ವಿಷಯದಲ್ಲಿ. ಹೊಸ ಹಣ ಹೊಸ ಕಾರ್ಖಾನೆಗೆ ಹೋದರೆ ಸರಕೂ ಹೆಚ್ಚಬಹುದು. ಅದೇ ಹಣ ಈಗಾಗಲೇ ಕಟ್ಟಿದ ಮನೆಯನ್ನು, ಅದರ ಅಡಿಯ ನೆಲವನ್ನು ಕೊಳ್ಳಲು ಹೋದರೆ ಹೆಚ್ಚುವುದು ಬೆಲೆ ಮಾತ್ರ, ಏಕೆಂದರೆ ನೆಲವನ್ನು ಯಾರೂ ಹುಟ್ಟಿಸಲಾರರು. ಬೆಲೆ ಏರಿದ ಮನೆಯನ್ನು ಅಡವಿಟ್ಟರೆ ಇನ್ನೂ ದೊಡ್ಡ ಸಾಲ ಸಿಗುತ್ತದೆ, ಆ ಸಾಲ ಬೆಲೆಯನ್ನು ಮತ್ತೆ ಮೇಲಕ್ಕೆ ತಳ್ಳುತ್ತದೆ. ಮನೆ ದುಬಾರಿಯಾಯಿತು, ಆದ್ದರಿಂದ ಜನರಿಗೆ ಸಾಲವನ್ನು ಇನ್ನಷ್ಟು ಸಲೀಸು ಮಾಡಿ ಎಂದು ಒತ್ತಾಯಿಸುವವರು ಈ ಸುತ್ತನ್ನು ಗಮನಿಸಿದಂತಿಲ್ಲ. ಹೊಸ ಮನೆಗಳು ಏಳದ ಕಡೆ ಸಾಲ ಸಲೀಸಾದರೆ ಲಾಭವಾಗುವುದು ಮಾರುವವರಿಗೆ. ಕೊಳ್ಳುವವರಿಗೆ ಸಿಗುವುದು ಅದೇ ಮನೆ, ಮೊದಲಿಗಿಂತ ಉದ್ದನೆಯ ಕಂತುಗಳೊಂದಿಗೆ.