ಪದ ಪರಿಚಯ: ನುನಾವುಟ್‌ನ ‘ಪಬ್ಲಿಕ್ ಹೌಸಿಂಗ್’

ಸರ್ಕಾರ ಕೊಡುವ ಮನೆ ಅಂದರೆ ನಮಗೆ ತಟ್ಟನೆ ನೆನಪಾಗುವುದು ಆಶ್ರಯ ಮನೆ. ಸೈಟ್ ಸಿಕ್ಕಿತು, ಕಂತಿನಲ್ಲಿ ದುಡ್ಡು ಬಂತು, ಗೋಡೆ ಎದ್ದಿತು, ಹಕ್ಕುಪತ್ರ ಕೈ ಸೇರಿತು. ಅಲ್ಲಿಗೆ ಸರ್ಕಾರದ ಕೆಲಸ ಮುಗೀತು. ಆಮೇಲೆ ಸೋರಿದರೂ ಬಿರುಕು ಬಿಟ್ಟರೂ ಮನೆಯವರೇ ನೋಡಿಕೊಳ್ಳಬೇಕು.

ಕೆನಡಾದ ಉತ್ತರದ ತುದಿಯಲ್ಲಿರುವ ನುನಾವುಟ್‌ನಲ್ಲಿ ಪಬ್ಲಿಕ್ ಹೌಸಿಂಗ್ ಅಂದರೆ ಹಾಗಲ್ಲ. ಅಲ್ಲಿ ಮನೆ ಸರ್ಕಾರದ ಹೆಸರಿನಲ್ಲೇ ಉಳಿಯುತ್ತದೆ, ಜನ ಬಾಡಿಗೆಗೆ ಇರುತ್ತಾರೆ. ಕಟ್ಟಿ ಮುಗಿಸಿದ ದಿನವೇ ನಿಜವಾದ ಕೆಲಸ ಶುರು. ಒಲೆ ಆರದಂತೆ, ಪೈಪು ಹೆಪ್ಪುಗಟ್ಟದಂತೆ ವರ್ಷವಿಡೀ ಕಾಯಬೇಕು. ಕನ್ನಡದಲ್ಲಿ ‘ಮನೆ ನಡೆಸೋದು’ ಅಂತೀವಲ್ಲ, ಆ ಮಾತು ಇದಕ್ಕೆ ಹತ್ತಿರ. ಅಲ್ಲಿನ ಅರ್ಧಕ್ಕೂ ಹೆಚ್ಚು ಕುಟುಂಬಗಳು ಇಂಥ ಮನೆಗಳಲ್ಲೇ ಇವೆ.

ಮೊದಲು ಜಾಗ ಎಂಥದ್ದು ಅಂತ ನೋಡೋಣ. ನುನಾವುಟ್ ಪ್ರತ್ಯೇಕ ಆಡಳಿತ ಪ್ರದೇಶವಾದದ್ದು 1999ರ ಏಪ್ರಿಲ್ 1ರಂದು. ವಿಸ್ತಾರದಲ್ಲಿ ಭಾರತದ ಮೂರರಲ್ಲಿ ಎರಡು ಪಾಲಿನ ಹತ್ತಿರ ಬರುತ್ತದೆ. ಅಷ್ಟು ನೆಲದಲ್ಲಿ ಇರುವುದು 25 ಊರು. 2021ರ ಜನಗಣತಿಯಲ್ಲಿ ಲೆಕ್ಕಕ್ಕೆ ಬಂದವರು 36,858 ಜನ, ಅವರಲ್ಲಿ ಬಹುಪಾಲು ಇನುಯಿಟ್ ಜನ. ಒಂದೂರಿನಿಂದ ಇನ್ನೊಂದೂರಿಗೆ ರಸ್ತೆ ಇಲ್ಲ. ವಿಮಾನ ಬರುತ್ತದೆ. ಸಮುದ್ರದ ಮಂಜುಗಡ್ಡೆ ಕರಗಿದ ಬೇಸಿಗೆಯ ಕೆಲವು ತಿಂಗಳು ಸರಕಿನ ಹಡಗು ಬರುತ್ತದೆ. ಹಲಗೆ, ಮೊಳೆ, ಕಿಟಕಿ, ಕಮೋಡು, ಬಣ್ಣ ಎಲ್ಲಾ ಆ ಹಡಗಿನಲ್ಲೇ ಬರಬೇಕು. ಒಂದು ಸಾಮಾನು ಪಟ್ಟಿಯಲ್ಲಿ ಬಿಟ್ಟುಹೋಯಿತೋ, ವಿಮಾನಕ್ಕೆ ದುಬಾರಿ ದುಡ್ಡು ಸುರಿದು ತರಿಸಬೇಕು. ಇಲ್ಲಾಂದ್ರೆ ಮುಂದಿನ ಬೇಸಿಗೆವರೆಗೆ ಕಾಯಬೇಕು.

‘ಇಗ್ಲು’ ಅಂದ ಕೂಡಲೇ ನಮ್ಮ ಕಣ್ಣಿಗೆ ಕಟ್ಟುವುದು ಮಂಜಿನ ಗುಮ್ಮಟ. ಇನುಯಿಟ್ ಜನರ ಇನುಕ್ಟಿಟುಟ್ ಭಾಷೆಯಲ್ಲಿ ಇಗ್ಲು ಅಂದರೆ ಬರೀ ‘ಮನೆ’. ಮರದ್ದಾದರೂ ಇಗ್ಲು, ಸರ್ಕಾರದ್ದಾದರೂ ಇಗ್ಲು. ಮಂಜಿನ ಮನೆಗೆ ‘ಇಗ್ಲುವಿಗಾಕ್’ ಅಂತ ಬೇರೆ ಹೆಸರೇ ಇದೆ. ಈಗ ಅಲ್ಲಿ ಯಾರೂ ಮಂಜಿನ ಮನೆಯಲ್ಲಿ ಸಂಸಾರ ಮಾಡುವುದಿಲ್ಲ. ಬೇಟೆಗೆ ಹೋದಾಗ ಕಟ್ಟಿಕೊಳ್ಳುತ್ತಾರೆ, ಅಷ್ಟೇ.

ಹಾಗಾದರೆ ಸರ್ಕಾರದ ಬಾಡಿಗೆ ಮನೆಗೆ ಅವರು ಬಂದದ್ದು ಹೇಗೆ? ಋತುವಿಗೆ ತಕ್ಕಂತೆ ಬಿಡಾರ ಬದಲಿಸುತ್ತಿದ್ದ ಕುಟುಂಬಗಳನ್ನು 1950 ಮತ್ತು 60ರ ದಶಕಗಳಲ್ಲಿ ಕೆನಡಾ ಸರ್ಕಾರ ಒಂದೇ ಕಡೆ ನೆಲೆ ನಿಲ್ಲುವಂತೆ ಮಾಡಿತು. ಸ್ಕೂಲು, ಆಸ್ಪತ್ರೆ, ಮನೆ ಎಲ್ಲಾ ಸಿಗುತ್ತದೆ ಅಂದರು. ಸಿಕ್ಕಿದ ಮನೆಗಳಿಗೆ ಜನ ಇಟ್ಟ ಹೆಸರು ‘ಬೆಂಕಿಪೊಟ್ಟಣ’. ಅಷ್ಟು ಸಣ್ಣವು. ಬಾಡಿಗೆ ತೀರಾ ಕಡಿಮೆ ಇರುತ್ತದೆ ಅಂತ ಮಾತು ಕೊಟ್ಟಿದ್ದರು, ಆಮೇಲೆ ಅದು ಏರಿತು ಎಂದು ಹಿರಿಯರು, ಆ ಕಾಲದ ಅನುಭವಗಳನ್ನು ಜನರ ಬಾಯಿಂದಲೇ ಕೇಳಿ ದಾಖಲಿಸಿದ ಕಿಕಿಕ್ತಾನಿ ಸತ್ಯ ಆಯೋಗದ ಮುಂದೆ ಹೇಳಿಕೊಂಡರು. ಈ ಹಿನ್ನೆಲೆ ಗೊತ್ತಿಲ್ಲದೆ ‘ಪಾಪ, ಸರ್ಕಾರ ಕಡಿಮೆ ಬಾಡಿಗೆಗೆ ಮನೆ ಕೊಟ್ಟಿದೆ’ ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಅಲೆಯುತ್ತಿದ್ದವರನ್ನು ನಿಲ್ಲಿಸಿದವರೇ ಸೂರು ಕೊಡುವ ಹೊಣೆಯನ್ನೂ ಹೊತ್ತರು.

ಈಗ ಒಂದು ಮನೆಯ ಹತ್ತಿರ ಹೋಗಿ ನೋಡೋಣ. ಮನೆ ನೆಲಕ್ಕೆ ಅಂಟಿಕೊಂಡಿಲ್ಲ, ಕಂಬಗಳ ಮೇಲೆ ನಿಂತಿದೆ. ಕೆಳಗಿನ ಮಣ್ಣು ವರ್ಷವಿಡೀ ಹೆಪ್ಪುಗಟ್ಟಿಯೇ ಇರುತ್ತದೆ. ಮನೆಯ ಬಿಸಿ ತಾಗಿ ಅದು ಕರಗಿದರೆ ಇಡೀ ಮನೆ ವಾಲುತ್ತದೆ. ಅದಕ್ಕೇ ಅಡಿಯಲ್ಲಿ ಗಾಳಿ ಆಡಲು ಜಾಗ. ಇಂಥ ನೆಲದಲ್ಲಿ ಪೈಪು ಹೂಳುವುದು ಕಷ್ಟ, ಹಾಗಾಗಿ ಹೆಚ್ಚಿನ ಊರುಗಳಲ್ಲಿ ಮನೆಗೆ ಪೈಪ್‌ಲೈನ್ ಸಂಪರ್ಕವೇ ಇಲ್ಲ. ಮನೆಯೊಳಗೆ ಎರಡು ಟ್ಯಾಂಕು. ಒಂದರಲ್ಲಿ ಕುಡಿಯುವ ನೀರು, ಇನ್ನೊಂದರಲ್ಲಿ ಕೊಳಚೆ. ನೀರಿನ ಟ್ಯಾಂಕರ್ ಬಂದು ಒಂದನ್ನು ತುಂಬಬೇಕು, ಸಕ್ಕಿಂಗ್ ಗಾಡಿ ಬಂದು ಇನ್ನೊಂದನ್ನು ಖಾಲಿ ಮಾಡಬೇಕು. ಕೊಳಚೆ ಟ್ಯಾಂಕು ತುಂಬಿದರೆ ಅನೇಕ ಮನೆಗಳಲ್ಲಿ ನೀರಿನ ಪಂಪು ತಾನಾಗೇ ನಿಂತುಬಿಡುತ್ತದೆ. ಟ್ಯಾಂಕಿನಲ್ಲಿ ನೀರಿದ್ದರೂ ನಲ್ಲಿಯಲ್ಲಿ ಬರುವುದಿಲ್ಲ. ಎರಡು ದಿನ ಹಿಮಗಾಳಿ ಬೀಸಿ ಗಾಡಿ ಬರದಿದ್ದರೆ, ಹತ್ತು ಜನರಿರುವ ಮನೆಯಲ್ಲಿ ಪಾತ್ರೆ ತೊಳೆಯುವುದೂ ಲೆಕ್ಕ ಹಾಕಿಯೇ.

ಈ ಗಾಡಿ ಓಡಿಸುವುದು ‘ಹ್ಯಾಮ್ಲೆಟ್’. ಇಂಗ್ಲಿಷಿನಲ್ಲಿ ಈ ಪದಕ್ಕೆ ಸಣ್ಣ ಹಳ್ಳಿ ಎಂದರ್ಥ. ನುನಾವುಟ್‌ನಲ್ಲಿ ಅದು ಸ್ಥಳೀಯ ಸರ್ಕಾರದ ಹೆಸರು. ರಾಜಧಾನಿ ಇಕಾಲುಯಿಟ್ ಒಂದು ನಗರ, ಉಳಿದ 24 ಊರುಗಳೂ ಹ್ಯಾಮ್ಲೆಟ್‌ಗಳು. ಚುನಾಯಿತ ಮೇಯರ್, ಕೌನ್ಸಿಲ್ ಇರುತ್ತದೆ. ನೀರು, ಕೊಳಚೆ, ಕಸ, ಊರೊಳಗಿನ ರಸ್ತೆ, ಹಿಮ ತೆಗೆಯುವುದು ಎಲ್ಲಾ ಅದರ ಪಾಲಿಗೆ. ನಮ್ಮ ಗ್ರಾಮ ಪಂಚಾಯ್ತಿಯ ಹಾಗೇ ಅಲ್ವಾ? ಆದರೆ ಸ್ವಂತ ತೆರಿಗೆಯ ಆದಾಯ ಇಲ್ಲ ಅನ್ನುವಷ್ಟು ಕಡಿಮೆ. ಖರ್ಚಿನ ಬಹುಪಾಲು ನುನಾವುಟ್ ಸರ್ಕಾರದ ಅನುದಾನದಿಂದಲೇ ಬರಬೇಕು.

ಮನೆಯ ಉಸ್ತುವಾರಿ ಮಾತ್ರ ಬೇರೆಯವರ ಕೈಯಲ್ಲಿದೆ. 2000ದಲ್ಲಿ ಶುರುವಾದ ನುನಾವುಟ್ ಹೌಸಿಂಗ್ ಕಾರ್ಪೊರೇಶನ್ ಈ ಮನೆಗಳ ಒಡೆಯ. ಅದರ ಪರವಾಗಿ ಪ್ರತಿ ಊರಿನಲ್ಲೂ ಒಂದು ಸ್ಥಳೀಯ ಹೌಸಿಂಗ್ ಸಂಸ್ಥೆ ಇರುತ್ತದೆ. ಜನ ಅದನ್ನು ಎಲ್‌ಎಚ್‌ಒ ಅಂತಲೋ, ಸುಮ್ನೆ ‘ಹೌಸಿಂಗ್’ ಅಂತಲೋ ಕರೆಯುತ್ತಾರೆ. ಬಾಡಿಗೆ ವಸೂಲಿ, ರಿಪೇರಿ, ಅರ್ಜಿ, ಹಂಚಿಕೆ ಎಲ್ಲಾ ಇಲ್ಲೇ. ಬಾಡಿಗೆ ಆದಾಯಕ್ಕೆ ತಕ್ಕಂತೆ ಇರುತ್ತದೆ. 2014ರಲ್ಲಿ ಬಂದ ಪಟ್ಟಿಯಲ್ಲಿ ಕನಿಷ್ಠ ಬಾಡಿಗೆ ತಿಂಗಳಿಗೆ 60 ಡಾಲರ್ ಇತ್ತು. ಸಂಬಳ ಏರಿದರೆ ಬಾಡಿಗೆಯೂ ಏರುತ್ತದೆ.

ಈ ಸಂಸ್ಥೆಯಲ್ಲಿ ಅತ್ಯಂತ ಕಷ್ಟದ ಕೆಲಸ ಯಾವುದು ಅಂದರೆ, ಹಂಚಿಕೆ ಅಂತ ನಾನು ಹೇಳುತ್ತೇನೆ. ಅರ್ಜಿಗಳಿಗೆ ಅಂಕ ಕೊಡುತ್ತಾರೆ. ಒಂದು ಮನೆಯಲ್ಲಿ ಎಷ್ಟು ಜನ ತುಂಬಿದ್ದಾರೆ, ಎಷ್ಟು ಕಾಲದಿಂದ ಕಾಯುತ್ತಿದ್ದಾರೆ ಅಂತೆಲ್ಲ ನೋಡುತ್ತಾರೆ. ಕಾಗದದ ಮೇಲೆ ನೇರವಾಗಿಯೇ ಇದೆ. ಆದರೆ ಬೋರ್ಡಿನಲ್ಲಿ ಕೂತವರು ಅದೇ ಊರಿನವರು. ಕೆಲವು ಊರುಗಳಲ್ಲಿ ಇರುವುದೇ ಕೆಲವು ನೂರು ಜನ. ಗ್ರೀಸ್ ಫಿಯರ್ಡ್ ಎಂಬ ಊರಿನಲ್ಲಂತೂ ನೂರೈವತ್ತರ ಆಸುಪಾಸು. ಅರ್ಜಿ ಹಾಕಿದವರಲ್ಲಿ ತಂಗಿ ಇರಬಹುದು, ಸೋದರಮಾವನ ಮಗ ಇರಬಹುದು. ಒಂದು ಮನೆ ಖಾಲಿಯಾದಾಗ ಒಬ್ಬರಿಗೆ ಹೂಂ ಅಂದು ಉಳಿದವರಿಗೆಲ್ಲ ಇಲ್ಲ ಅನ್ನಬೇಕು. ಮಾರನೇ ದಿನ ಊರಿನ ಅದೇ ಅಂಗಡಿಯಲ್ಲಿ ಅವರ ಮುಖ ನೋಡಬೇಕು. ಮನೆ ಸಿಗದವರು ಬೀದಿಯಲ್ಲಿ ಮಲಗುವ ಹಾಗಿಲ್ಲ, ಆ ಚಳಿಯಲ್ಲಿ ಜೀವ ಉಳಿಯುವುದಿಲ್ಲ. ಅವರು ನೆಂಟರ ಸೋಫಾದ ಮೇಲೆ ಮಲಗುತ್ತಾರೆ. ಕೆಲವು ಮನೆಗಳಲ್ಲಿ ಪಾಳಿ ಹಾಕಿ ನಿದ್ದೆ ಮಾಡುತ್ತಾರೆ. ಚಳಿಗೆ ಬಿಗಿಯಾಗಿ ಮುಚ್ಚಿದ ಮನೆಯಲ್ಲಿ ಅಷ್ಟು ಜನರ ಉಸಿರು, ಅಡುಗೆಯ ಹಬೆ ಸೇರಿ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಕ್ಷಯ ರೋಗ ಅಲ್ಲಿ ಇಂದಿಗೂ ಹೋಗದಿರುವುದಕ್ಕೆ ಈ ಇಕ್ಕಟ್ಟೂ ಒಂದು ಕಾರಣ.

ಮನೆ ಯಾಕಿಷ್ಟು ಕಡಿಮೆ ಅಂದರೆ, 1993ರಲ್ಲಿ ಕೆನಡಾದ ಕೇಂದ್ರ ಸರ್ಕಾರ ಹೊಸ ಪಬ್ಲಿಕ್ ಹೌಸಿಂಗ್‌ಗೆ ದುಡ್ಡು ನಿಲ್ಲಿಸಿತು. ಮಕ್ಕಳು ಹುಟ್ಟುವುದು ನಿಲ್ಲಲಿಲ್ಲ. 2006ರಲ್ಲಿ 20 ಕೋಟಿ ಡಾಲರ್ ಬಂತು, 725 ಮನೆ ಕಟ್ಟುವ ಗುರಿ. ಖರ್ಚು 10 ಕೋಟಿಗೂ ಹೆಚ್ಚು ಮೀರಿಹೋಯಿತು. ಒಮ್ಮೆಗೇ ಅಷ್ಟೂ ಊರುಗಳಲ್ಲಿ ಕಟ್ಟಲು ಹೊರಟಿದ್ದರು. ಸಾಮಾನಿನ ಲೆಕ್ಕ ಇಡುವುದಕ್ಕೆ, ಕೆಲಸ ನೋಡಿಕೊಳ್ಳುವುದಕ್ಕೆ ಊರುಗಳಲ್ಲಿ ಸಾಕಷ್ಟು ಜನ ಇರಲಿಲ್ಲ.

ನೆಲದ ವಿಷಯವೂ ಇದೆ. ಊರೊಳಗಿನ ಸರ್ಕಾರಿ ನಿವೇಶನಗಳನ್ನು ಮಾರುವುದಿಲ್ಲ, ಗುತ್ತಿಗೆಗೆ ಕೊಡುತ್ತಾರೆ. ಮಾರಬಹುದೇ ಎಂದು 2016ರಲ್ಲಿ ಕೇಳಿದಾಗ ಊರುಗಳ ಜನ ಬೇಡ ಎಂದೇ ಮತ ಹಾಕಿದರು. ಹೊಸ ಮನೆ ಏಳಬೇಕಾದರೆ ಮೊದಲು ನಿವೇಶನ ಸಜ್ಜಾಗಬೇಕು, ಗಾಡಿ ಅಲ್ಲಿವರೆಗೆ ಹೋಗಲು ದಾರಿ ಬೇಕು. ಹತ್ತು ಮನೆ ಹೆಚ್ಚಿದರೆ ನೀರಿನ ಟ್ಯಾಂಕರ್‌ಗೆ ಅಷ್ಟು ಸರದಿ ಹೆಚ್ಚು. ಹೌಸಿಂಗ್ ಮತ್ತು ಹ್ಯಾಮ್ಲೆಟ್ ಎರಡು ಬೇರೆ ಕಚೇರಿಗಳಾದರೂ ಒಂದನ್ನು ಬಿಟ್ಟು ಇನ್ನೊಂದು ನಡೆಯುವುದಿಲ್ಲ.

2022ರ ಅಕ್ಟೋಬರ್‌ನಲ್ಲಿ ಶುರುವಾದ ಯೋಜನೆಗೆ ‘ಇಗ್ಲುಲಿಯುಕಟಿಗೀಂಗ್ನಿಕ್’ ಅಂತ ಹೆಸರಿಟ್ಟಿದ್ದಾರೆ. ಉದ್ದ ನೋಡಿ ಹೆದರಬೇಡಿ. ‘ಇಗ್ಲು’ ಅಂದರೆ ಮನೆ. ‘ಲಿಯು’ ಅಂದರೆ ಮಾಡುವುದು, ಕಟ್ಟುವುದು. ನಡುವಿನ ‘ಕಟಿ’ ಅಂದರೆ ಜೊತೆಗಾರ. ಎಲ್ಲಾ ಸೇರಿದರೆ ‘ಜೊತೆಗೂಡಿ ಮನೆ ಕಟ್ಟುವುದು’. 2030ರೊಳಗೆ 3,000 ಮನೆ ಎಂಬುದು ಗುರಿ. ಊರಿನ ಹುಡುಗ ಹುಡುಗಿಯರಿಗೇ ಬಡಗಿ ಕೆಲಸ, ಪ್ಲಂಬಿಂಗ್, ವೈರಿಂಗ್ ಕಲಿಸುವ ಮಾತೂ ಅದರಲ್ಲಿದೆ. ನನಗೆ ಮನೆಗಳ ಲೆಕ್ಕಕ್ಕಿಂತ ಅದು ಮುಖ್ಯ ಅನ್ನಿಸುತ್ತದೆ. ಮೈನಸ್ 40ರ ರಾತ್ರಿ ಬಾಯ್ಲರ್ ಕೆಟ್ಟರೆ ದಕ್ಷಿಣದಿಂದ ಮೆಕ್ಯಾನಿಕ್ ಬರುವವರೆಗೆ ಕಾಯುವ ಹಾಗಿಲ್ಲ. ಕೆಲವೇ ಗಂಟೆಯಲ್ಲಿ ಪೈಪು ಒಡೆಯುತ್ತದೆ. ಆಗ ಫೋನ್ ಎತ್ತಿ, ಟೂಲ್ ಬಾಕ್ಸ್ ಹಿಡಿದು ಹೊರಡುವವರು ಅದೇ ಊರಿನಲ್ಲಿ ಮಲಗಿರಬೇಕು. ಅವರಿಗೂ ಒಂದು ಮನೆ ಬೇಕು.