ಸಾಕೆಟ್ ಓವನ್ ಹಿಂದೆ ಬೇಡ, ಪಕ್ಕದಲ್ಲಿರಲಿ

ಕಾರವಾರದ ಕಡೆ ಈಗ ಹೊಸ ಮನೆ ಅಂದ್ರೆ ಮಾಡ್ಯುಲರ್ ಕಿಚನ್ ಇರಲೇಬೇಕು. ಇರಲಿ, ಸಂತೋಷ. ಕಪಾಟಿನೊಳಗೆ ಕೂರುವ ಓವನ್ನೂ ಬರಲಿ, ಡಿಶ್‌ವಾಶರ್ರೂ ಬರಲಿ. ನನ್ನ ತಕರಾರು ಒಂದೇ ಮಾತಿಗೆ: "ಸಾಕೆಟ್ ಕಾಣಬಾರದು, ಓವನ್ ಹಿಂದೆಯೇ ಹಾಕಿಬಿಡಿ." ಕೋಡಿಬಾಗದಲ್ಲೂ ಇದೇ, ಸದಾಶಿವಗಡದಲ್ಲೂ ಇದೇ, ಘಟ್ಟ ಹತ್ತಿ ಶಿರಸಿಗೆ ಹೋದರೂ ಇದೇ.

ಕಾಣದಿದ್ದರೆ ನನಗೇನೂ ಬೇಜಾರಿಲ್ಲ. ಕೈಗೆ ಸಿಗಬೇಕು, ಅಷ್ಟೇ. ಪಕ್ಕದ ಕಪಾಟಿನೊಳಗೆ ಸಾಕೆಟ್ ಹಾಕಿಸಿ. ಬಾಗಿಲು ಮುಚ್ಚಿದರೆ ಕಾಣುವುದಿಲ್ಲ, ತೆರೆದರೆ ಪ್ಲಗ್ ಕೀಳಬಹುದು. ನಡುವಿನ ಪ್ಲೈವುಡ್‌ಗೆ ಪ್ಲಗ್ ದಾಟುವಷ್ಟು ತೂತು ಕೊರೆಯಬೇಕು. ಬಡಗಿಗೆ ಅದೇನು ದೊಡ್ಡ ಕೆಲಸ?

ಹಿಂದೆ ಹಾಕಿದರೆ ಓವನ್ ಸರಿಯಾಗಿ ಒಳಗೆ ಹೋಗುವುದೇ ಇಲ್ಲ. ಇಂಥ ಓವನ್‌ಗಳ ಆಳ ಸಾಮಾನ್ಯವಾಗಿ 55 ಸೆಂ.ಮೀ. ಆಸುಪಾಸು. ಕಪಾಟು ಹೆಚ್ಚೆಂದರೆ 60. ಹಿಂದೆ ಉಳಿಯುವ ಆ ಚೂರು ಜಾಗ ಗಾಳಿಯಾಡುವುದಕ್ಕೆ. ಅಲ್ಲಿ 16 ಆಂಪಿಯರ್‌ನ ದಪ್ಪ ಪ್ಲಗ್ ಬಂದರೆ ಓವನ್ ಮುಂದೆ ಚಾಚಿ ನಿಲ್ಲುತ್ತದೆ. ಆಮೇಲೆ ಇಬ್ಬರು ಸೇರಿ ಭುಜ ಕೊಟ್ಟು ತಳ್ಳುತ್ತಾರೆ. ಪ್ಲಗ್ ಓರೆಯಾಗುತ್ತದೆ, ಪಿನ್ ಸಡಿಲವಾಗುತ್ತದೆ, ವೈರ್ ಮಡಚಿ ಗೋಡೆಗೆ ಒತ್ತಿಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಎಲ್ಲ ಚೆಂದ.

3000 ವ್ಯಾಟಿನ ಓವನ್ 230 ವೋಲ್ಟಿನಲ್ಲಿ 13 ಆಂಪಿಯರ್ ಎಳೆಯುತ್ತದೆ. ಮಿಕ್ಸಿಯ ಹಾಗೆ ಎರಡು ನಿಮಿಷದ ಆಟ ಅಲ್ಲ, ಕೇಕ್ ಬೇಯುವವರೆಗೂ ಬಿಟ್ಟು ಬಿಟ್ಟು ಎಳೆಯುತ್ತಲೇ ಇರುತ್ತದೆ. ಪಿನ್ ಸಡಿಲ ಇದ್ದಲ್ಲಿ ಕಾವು ಏರುತ್ತದೆ. ನಮ್ಮ ಕಡಲ ಗಾಳಿಗೆ ಹಿತ್ತಾಳೆ ಪಿನ್ನು ಕಿಲುಬು ಹಿಡಿಯುವುದು ಬೇರೆ ಇದೆ.

ಕಾಜುಬಾಗದ ಒಂದು ಮನೆಯಲ್ಲಿ ತುಂಬಾ ದಿನದಿಂದ ಸುಟ್ಟ ವಾಸನೆ. ಪಾಪ, ಅವರು ಬಂಗಡೆ ಮೇಲೆ ಅನುಮಾನಪಟ್ಟು ಚಿಮಣಿ ತೊಳೆಸಿದ್ದರು. ಓವನ್ ಹೊರಗೆಳೆದು ನೋಡಿದರೆ ಸಾಕೆಟ್‌ನ ಬಿಳಿ ಪ್ಲೇಟು ಕಡಕ್ ಚಹಾದ ಬಣ್ಣಕ್ಕೆ ತಿರುಗಿತ್ತು. ಒಂದು ತೂತು ಕರಗಿ ಉದ್ದವಾಗಿತ್ತು. ಪಿನ್ನು ಅಲ್ಲೇ ಅಂಟಿಕೊಂಡು, ಪ್ಲಗ್ ಕಿತ್ತರೂ ಬರಲಿಲ್ಲ. ಮನೆಯವರು ಕೋಕಂ ಶರಬತ್ತು ಕೊಟ್ಟು ಕೇಳಿದರು, "ಆದ್ರೆ ಎಂಸಿಬಿ ಇದೆ, ಆರ್‌ಸಿಸಿಬಿನೂ ಇದೆ, ಬೀಳಬೇಕಿತ್ತು ಅಲ್ವಾ?"

ಬೀಳುವುದಿಲ್ಲ. ಇದನ್ನೇ ಎಷ್ಟು ಹೇಳಿದರೂ ಜನರ ತಲೆಗೆ ಹೋಗುವುದಿಲ್ಲ. ಎರಡೂ ತಾವಾಗಿಯೇ ಬಿದ್ದು ಕರೆಂಟ್ ಕಡಿಯುವ ಸ್ವಿಚ್ಚುಗಳು, ನಿಜ. ಆದರೆ ಎಂಸಿಬಿ ಬೀಳುವುದು ಕರೆಂಟ್ ಮಿತಿ ಮೀರಿದಾಗ ಅಥವಾ ಶಾರ್ಟ್ ಆದಾಗ. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಬೀಳುವುದು ಕರೆಂಟ್ ಸೋರಿದಾಗ. ಸಡಿಲ ಪಿನ್ನಿನಲ್ಲಿ ಕರೆಂಟ್ ಜಾಸ್ತಿಯೂ ಆಗಿಲ್ಲ, ಸೋರಿಯೂ ಇಲ್ಲ. ಬರೀ ಕಾವು. ಅದು ಗೊತ್ತಾಗುವುದು ನಿಮ್ಮ ಕೈಗೆ, ಮೂಗಿಗೆ. ಓವನ್ ಹಿಂದೆ ಇವೆರಡೂ ಹೋಗುವುದಿಲ್ಲ.

ಇನ್ನು ಕೆಲವರು "ಮೇಲೆ ಸ್ವಿಚ್ಚಿದೆಯಲ್ಲ" ಅನ್ನುತ್ತಾರೆ. ಸ್ವಿಚ್ಚು ಬೇಕೇ ಬೇಕು. ಆದರೆ ಮಾಮೂಲಿ ಸ್ವಿಚ್ಚು ಒಂದೇ ತಂತಿಯನ್ನು ಕಡಿಯುತ್ತದೆ. ಹಳೆ ಮನೆಗಳಲ್ಲಿ ಕರೆಂಟ್ ತರುವ ಫೇಸು, ವಾಪಸ್ ಒಯ್ಯುವ ನ್ಯೂಟ್ರಲ್ಲು ಅದಲು ಬದಲಾಗಿರುವುದುಂಟು. ಆಗ ಸ್ವಿಚ್ ಆಫ್ ಇದ್ದರೂ ಒಳಗೆ ಕರೆಂಟ್ ಇರುತ್ತದೆ. ಹಾಗಾಗಿ ಎರಡನ್ನೂ ಕಡಿಯುವ ಡಿಪಿ ಸ್ವಿಚ್ ಹಾಕಿಸಿ, ಕೈಗೆಟಕುವಂತೆ. ಎಕ್ಸ್‌ಟೆನ್ಷನ್ ಬೋರ್ಡಿನ ಸುದ್ದಿ ನನ್ನ ಹತ್ತಿರ ಎತ್ತಲೇಬೇಡಿ.

ಡಿಶ್‌ವಾಶರ್‌ಗೂ ಇದೇ ಮಾತು. ಅದರ ಸಾಕೆಟ್ ನಲ್ಲಿಯ ಕೆಳಗೆ ಬರಬಾರದು. ಪೈಪ್ ಸೋರಿದರೆ ನೀರು ನೇರ ಅಲ್ಲಿಗೇ ಬೀಳುತ್ತದೆ.

ನಾನು ಹೇಳಿದ ಅಳತೆಗಳನ್ನೇ ಹಿಡಿದು ಪ್ಲೈ ಕತ್ತರಿಸಬೇಡಿ. ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಓವನ್ ಜೊತೆ ಬರುವ ಪುಸ್ತಕದಲ್ಲಿ ಸಾಕೆಟ್ ಎಲ್ಲಿರಬೇಕು ಅನ್ನುವ ಚಿತ್ರ ಇರುತ್ತದೆ, ಅದನ್ನು ಬಡಗಿಗೂ ವೈರಿಂಗಿನವರಿಗೂ ಒಟ್ಟಿಗೆ ತೋರಿಸಿ. ಇಬ್ಬರೂ ಒಂದೇ ದಿನ ಮನೆಗೆ ಬರುವುದು ಕಷ್ಟ, ಗೊತ್ತು. ಆದರೂ ಕರೆಸಿ. ಗೋಡೆಗೆ ಗಿಲಾಯಿ ಆಗುವ ಮೊದಲೇ ಕರೆಸಿ. ಚವತಿಗೆ ಎರಡು ದಿನ ಇದೆ ಅನ್ನುವಾಗ, ಟೈಲ್ಸ್ ಎಲ್ಲ ಹಾಕಿಸಿ ಫೋನ್ ಮಾಡಿದರೆ, ಸಾಕೆಟ್ ಸರಿಸಲು ಟೈಲ್ಸ್ ಒಡೆಯಲೇಬೇಕಾಗುತ್ತದೆ.