ಫಲಿತಾಂಶ ಮೊದಲೇ ಗೊತ್ತು ಅಂದ ಮೇಲೆ, ತೆರೆಮರೆಯದ್ದೂ ನಾಟಕಾನಾ?

ಓದುಗರ ಪ್ರಶ್ನೆ: ನೆಟ್‌ಫ್ಲಿಕ್ಸ್‌ನಲ್ಲಿ 'ಡಬ್ಲ್ಯೂಡಬ್ಲ್ಯೂಇ: ಅನ್‌ರಿಯಲ್' ನೋಡಿದೆ, ಅಮೆರಿಕದ ಆ ಕುಸ್ತಿ ಕಂಪನಿಯ ತೆರೆಮರೆ ತೋರಿಸುವ ಸರಣಿ. ಪಂದ್ಯದಲ್ಲಿ ಯಾರು ಗೆಲ್ಲಬೇಕು ಅಂತ ಮೊದಲೇ ಬರೆದಿರುತ್ತೇವೆ ಎಂದು ಅವರೇ ಹೇಳುತ್ತಾರೆ. ಹಾಗಿದ್ದ ಮೇಲೆ ಈ ತೆರೆಮರೆಯ ದೃಶ್ಯಗಳನ್ನು ಹೇಗೆ ನಂಬೋದು? ಇದೂ ಸ್ಕ್ರಿಪ್ಟೇ ಅಲ್ವಾ?

ಉತ್ತರ: ದೃಶ್ಯಗಳು ಬಹುಪಾಲು ನಿಜ. ಆದರೆ ಯಾವ ದೃಶ್ಯ ಇರಬೇಕು, ಯಾವುದು ಹೋಗಬೇಕು ಅನ್ನೋದರಲ್ಲಿ ಕಂಪನಿಯ ಕೈ ಇದೆ. ಇಷ್ಟು ನೆನಪಿಟ್ಟುಕೊಂಡು ನೋಡಿದರೆ ಈ ಸರಣಿಯಿಂದ ಸಿಗೋದು ಬೇಕಾದಷ್ಟಿದೆ.

ಟೆನ್ ಸ್ಪೋರ್ಟ್ಸ್ ಹಾಕಿಕೊಂಡು, ಟ್ರಂಪ್ ಕಾರ್ಡ್‌ಗಳಲ್ಲಿ ಯಾರ ಎತ್ತರ ಎಷ್ಟು, ತೂಕ ಎಷ್ಟು ಅಂತ ಬಾಯಿಪಾಠ ಮಾಡಿಕೊಂಡು ಬೆಳೆದ ನಮ್ಮ ಪೀಳಿಗೆಯವರು ಇದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರೆ. 2025ರ ಏಪ್ರಿಲ್‌ನಿಂದ ಭಾರತದಲ್ಲೂ ಡಬ್ಲ್ಯೂಡಬ್ಲ್ಯೂಇ ನೆಟ್‌ಫ್ಲಿಕ್ಸ್‌ಗೆ ಬಂದ ಮೇಲೆ ಅದು ಇನ್ನೂ ಜಾಸ್ತಿಯಾಗಿದೆ. 'ಅನ್‌ರಿಯಲ್' ಬಂದದ್ದು ಅದೇ ವರ್ಷ ಜುಲೈ 29ಕ್ಕೆ. ಮೊದಲ ಸೀಸನ್‌ನಲ್ಲಿ 5 ಕಂತು. ಜನವರಿ 6ರಂದು ಕಂಪನಿಯ ವಾರದ ಶೋ 'ರಾ' ನೆಟ್‌ಫ್ಲಿಕ್ಸ್‌ಗೆ ಕಾಲಿಟ್ಟ ರಾತ್ರಿಯಿಂದ ಹಿಡಿದು ಏಪ್ರಿಲ್‌ನಲ್ಲಿ ಲಾಸ್ ವೇಗಸ್‌ನಲ್ಲಿ ನಡೆದ, ವರ್ಷದ ದೊಡ್ಡ ಪ್ರದರ್ಶನ ರೆಸಲ್‌ಮೇನಿಯಾ 41ರವರೆಗಿನ ಕತೆ ಅದರಲ್ಲಿದೆ. ತಯಾರಿಸಿದವರಲ್ಲಿ ಅಮೆರಿಕನ್ ಫುಟ್‌ಬಾಲ್ ಚಿತ್ರಗಳಿಗೆ ಹೆಸರಾದ ಎನ್‌ಎಫ್‌ಎಲ್ ಫಿಲ್ಮ್ಸ್ ಇದೆ, ಅದೇ ಆಟದ ಮಾಜಿ ತಾರೆ ಪೇಟನ್ ಮ್ಯಾನಿಂಗ್ ಅವರ ಒಮಾಹಾ ಸಂಸ್ಥೆ ಇದೆ, ಜೊತೆಗೆ ಸ್ವತಃ ಡಬ್ಲ್ಯೂಡಬ್ಲ್ಯೂಇ ಕೂಡ ಇದೆ. ಈ ಕೊನೆಯ ಹೆಸರನ್ನು ಮರೆಯಬೇಡಿ.

ಈ ಸರಣಿಯಲ್ಲಿ ನನಗೆ ತುಂಬ ಇಷ್ಟವಾದ ಜಾಗ ಗೊರಿಲ್ಲಾ ಪೊಸಿಷನ್. ಗೊರಿಲ್ಲಾ ಮಾನ್ಸೂನ್ ಎಂಬ ಹಳೆಯ ಕುಸ್ತಿಪಟು ಯಾವಾಗಲೂ ಅಲ್ಲೇ ನಿಂತಿರುತ್ತಿದ್ದರಂತೆ, ಅದಕ್ಕೇ ಆ ಹೆಸರು. ಪರದೆಯ ಹಿಂದೆಯೇ ಇರುವ ಇಕ್ಕಟ್ಟಾದ ಜಾಗ ಅದು. ಮಾನಿಟರ್‌ಗಳ ಎದುರು ತಲೆಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು ಕಂಪನಿಯ ಕತೆಗಳ ಉಸ್ತುವಾರಿ ಹೊತ್ತ ಮಾಜಿ ಕುಸ್ತಿಪಟು ಟ್ರಿಪಲ್ ಎಚ್ ಕೂತಿರುತ್ತಾರೆ. ಇಷ್ಟು ನಿಮಿಷ ಉಳಿದಿದೆ, ಬೇಗ ಮುಗಿಸಿ ಎಂಬ ಮಾತು ಇಲ್ಲಿಂದ ರೆಫರಿಯ ಕಿವಿಗೆ ಹೋಗುತ್ತದೆ. ರೆಫರಿ ಬಿದ್ದವನ ಪಕ್ಕ ಬಗ್ಗಿ, ಸುಮ್ನೆ ವಿಚಾರಿಸುವವರ ಹಾಗೆ, ಅದನ್ನು ದಾಟಿಸುತ್ತಾರೆ. ಇದನ್ನು ತಿಳಿದ ಮೇಲೆ ನಾನು ಪಂದ್ಯದಲ್ಲಿ ರೆಫರಿಯನ್ನೇ ಜಾಸ್ತಿ ನೋಡತೊಡಗಿದೆ.

ಇದನ್ನೆಲ್ಲ ತೋರಿಸೋದು ಒಂದು ಕಾಲಕ್ಕೆ ಕನಸಲ್ಲೂ ಸಾಧ್ಯವಿರಲಿಲ್ಲ. ಎಲ್ಲವೂ ನಿಜ ಎಂದೇ ನಡೆದುಕೊಳ್ಳುವ ರೂಢಿಗೆ ಕುಸ್ತಿ ಲೋಕದಲ್ಲಿ ಕೇಫೇಬ್ ಅಂತಾರೆ. ಒಳ್ಳೆಯವನ ಪಾತ್ರ ಮಾಡುವವನು, ಅಂದರೆ ಬೇಬಿಫೇಸ್, ಕೆಟ್ಟವನ ಪಾತ್ರದ ಹೀಲ್ ಜೊತೆ ಒಂದೇ ಕಾರಿನಲ್ಲಿ ಕಾಣಿಸಿಕೊಳ್ಳುವ ಹಾಗೂ ಇರಲಿಲ್ಲ. ಆ ಗುಟ್ಟನ್ನು ಸರ್ಕಾರದ ಎದುರು ಬಿಟ್ಟುಕೊಟ್ಟದ್ದು ಕಂಪನಿಯೇ. 1989ರಲ್ಲಿ ನ್ಯೂ ಜೆರ್ಸಿಯಲ್ಲಿ, ಇದು ಕ್ರೀಡೆಯಲ್ಲ, ಮನರಂಜನೆ ಎಂದು ವಾದಿಸಿತು. ಕಾರಣ ದುಡ್ಡು. ಕ್ರೀಡೆ ಅಂತಾದರೆ ಅದರ ಮೇಲೆ ಕಣ್ಣಿಡುವ ಸರ್ಕಾರಿ ಅಥ್ಲೆಟಿಕ್ ಕಮಿಷನ್‌ನ ನಿಯಮಗಳು, ತೆರಿಗೆ ಎಲ್ಲ ಬೀಳುತ್ತವೆ. ಮನರಂಜನೆಗೆ ಅವು ಬೇಡ.

ಹಾಗಂತ ಗುಟ್ಟು ರಟ್ಟಾದ ಮೇಲೆ ಸ್ವಾರಸ್ಯ ಹೋಯಿತೇ? ಗದಾಯುದ್ಧ ಪ್ರಸಂಗದಲ್ಲಿ ಕೌರವನ ತೊಡೆ ಮುರಿಯುತ್ತದೆ ಅಂತ ಗೊತ್ತಿದ್ದೂ ನಾವು ಬೆಳಗಿನ ತನಕ ಕೂರುತ್ತೇವಲ್ಲ. ಕೊನೆ ಗೊತ್ತಿದ್ದರೂ ಮೈ ಮಾಡುವ ಕೆಲಸ ಸುಳ್ಳಾಗೋದಿಲ್ಲ. ರಿಂಗ್ ಅಂದರೆ ಉಕ್ಕಿನ ಚೌಕಟ್ಟು, ಅದರ ಮೇಲೆ ಹಲಗೆ, ತೆಳು ಫೋಮ್, ಕ್ಯಾನ್ವಾಸ್, ಅಷ್ಟೇ. ಬೀಳುವುದನ್ನು ಕಲಿಯಬಹುದು, ಬಿದ್ದರೆ ನೋಯದಂತೆ ಮಾಡಲು ಆಗದು.

ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದ್ದು 1999ರ 'ಬಿಯಾಂಡ್ ದ ಮ್ಯಾಟ್' ಸಾಕ್ಷ್ಯಚಿತ್ರ. ಆ ವರ್ಷದ ರಾಯಲ್ ರಂಬಲ್‌ನಲ್ಲಿ ಕುಸ್ತಿಪಟು ಮಿಕ್ ಫೋಲಿಯ ಎರಡೂ ಕೈಗೆ ಬೆನ್ನ ಹಿಂದೆ ಕೋಳ ಹಾಕಿ, ಎದುರಾಳಿ ದ ರಾಕ್ ಕಬ್ಬಿಣದ ಕುರ್ಚಿಯಿಂದ ತಲೆಗೆ ಒಂದರ ಮೇಲೊಂದು ಬಾರಿಸುತ್ತಾರೆ. ಕೈ ಕಟ್ಟಿರುವುದರಿಂದ ತಡೆಯಲು ದಾರಿಯೇ ಇಲ್ಲ. ರಿಂಗ್ ಪಕ್ಕದಲ್ಲೇ ಫೋಲಿಯ ಹೆಂಡತಿ, ಇಬ್ಬರು ಪುಟ್ಟ ಮಕ್ಕಳು. ಇದು ಆಟ ಅಂತ ಮಕ್ಕಳಿಗೆ ಮೊದಲೇ ಹೇಳಿಟ್ಟಿದ್ದರು. ಆದರೂ ಮಕ್ಕಳು ಕಿರುಚಿ ಅಳುತ್ತಾರೆ, ತಾಯಿ ಅವರನ್ನು ಹೊರಗೆ ಕರೆದುಕೊಂಡು ಹೋಗಬೇಕಾಗುತ್ತದೆ. ನಿರ್ದೇಶಕ ಬ್ಯಾರಿ ಬ್ಲಾಸ್ಟೀನ್ ಆಮೇಲೆ ಇದೇ ದೃಶ್ಯವನ್ನು ಫೋಲಿಗೇ ತೋರಿಸುತ್ತಾರೆ. ಆಗ ಆ ತಂದೆಯ ಮುಖ ನೋಡಿ. ಅದನ್ನು ಯಾವ ಲೇಖಕನೂ ಬರೆದುಕೊಟ್ಟಿಲ್ಲ.

ಇನ್ನೊಂದು, 1998ರ 'ರೆಸ್ಲಿಂಗ್ ವಿತ್ ಶ್ಯಾಡೋಸ್'. ನಿರ್ದೇಶಕ ಪಾಲ್ ಜೇ ಅವರ ತಂಡ ಕುಸ್ತಿಪಟು ಬ್ರೆಟ್ ಹಾರ್ಟ್ ಹಿಂದೆಯೇ ಓಡಾಡುತ್ತಿತ್ತು. ಬ್ರೆಟ್ ಚಾಂಪಿಯನ್ ಆಗಿದ್ದಾಗಲೇ ಎದುರಾಳಿ ಕಂಪನಿಗೆ ಹೊರಟಿದ್ದರು. 1997ರ ನವೆಂಬರ್ 9ರಂದು ಮಾಂಟ್ರಿಯಲ್‌ನಲ್ಲಿ, ಶಾನ್ ಮೈಕಲ್ಸ್ ಎದುರಿನ ಪಂದ್ಯ ಹೀಗೆ ಮುಗಿಯಬೇಕು ಎಂದು ಮೊದಲೇ ಮಾತಾಗಿತ್ತು. ಕಂಪನಿಯ ಆಗಿನ ಮಾಲೀಕ ವಿನ್ಸ್ ಮೆಕ್‌ಮಹನ್ ಜೊತೆ ಆ ಮಾತಾಡುವಾಗ ಬ್ರೆಟ್ ಬಟ್ಟೆಯೊಳಗೆ ಮೈಕ್ ಇತ್ತು. ಪಂದ್ಯದಲ್ಲಿ ನಡೆದದ್ದೇ ಬೇರೆ. ಬ್ರೆಟ್ ಸೋಲೊಪ್ಪದಿದ್ದರೂ ಮೆಕ್‌ಮಹನ್ ಗಂಟೆ ಬಾರಿಸಲು ಹೇಳಿ ಪಂದ್ಯ ಮುಗಿಸಿಬಿಟ್ಟರು. ಹೊರಗಿನವರ ಕ್ಯಾಮೆರಾ ಇಲ್ಲದಿದ್ದರೆ, ಒಳಗೆ ಆದ ಮಾತು ಏನು ಅಂತ ನಮಗೆ ಅಷ್ಟು ಖಚಿತವಾಗಿ ತಿಳಿಯುತ್ತಿರಲಿಲ್ಲ.

'ಅನ್‌ರಿಯಲ್‌'ನಲ್ಲಿ ಇಂಥ ದೃಶ್ಯ ಸಿಗುವುದು ಕಷ್ಟ. 2025ರ ಮಾರ್ಚ್ 1ರಂದು ಟೊರಾಂಟೊದಲ್ಲಿ ಜಾನ್ ಸೀನಾ ಕೋಡಿ ರೋಡ್ಸ್ ಮೇಲೆ ತಿರುಗಿಬಿದ್ದು, ಎರಡು ದಶಕದ ಒಳ್ಳೆಯವನ ವೇಷ ಕಳಚಿದರಲ್ಲ, ಆ ಗುಟ್ಟನ್ನು ಹೇಗೆ ಕಾಪಾಡಿದರು ಅನ್ನೋದನ್ನು ಸರಣಿ ಚೆನ್ನಾಗಿ ಹೇಳುತ್ತದೆ. ಲೇಖಕರ ಕೋಣೆಯೊಳಗೂ ಕರೆದೊಯ್ಯುತ್ತದೆ. ಆದರೆ ಕುಸ್ತಿಪಟುಗಳು ಕಂಪನಿಯ ನೌಕರರಲ್ಲ, ಸ್ವತಂತ್ರ ಗುತ್ತಿಗೆದಾರರು, ಅವರಿಗೊಂದು ಯೂನಿಯನ್ ಇಲ್ಲ. ಈ ಸಂಗತಿ ಸರಣಿಗೆ ವಿಷಯವೇ ಆಗುವುದಿಲ್ಲ. ನನ್ನ ಪ್ರಕಾರ ಅದೇ ಇದರ ದೊಡ್ಡ ಕೊರತೆ.

ಕಂಪನಿಯ ಕ್ಯಾಮೆರಾ ಪಕ್ಕದಲ್ಲಿದ್ದಾಗಲೂ ಆಟ ನಿಂತಿರುವುದಿಲ್ಲ ಎಂಬುದಕ್ಕೆ ಕುಸ್ತಿಪಟು ಸೆತ್ ರಾಲಿನ್ಸ್ ಸಾಕ್ಷಿ. 2025ರ ಜುಲೈ 12ರಂದು ಅಟ್ಲಾಂಟಾದಲ್ಲಿ ಮಂಡಿಗೆ ಏಟಾಯಿತು ಅಂತ ಕುಂಟುತ್ತಾ ಹೋದರು. ಊರುಗೋಲೂ ಬಂತು. ಅಭಿಮಾನಿಗಳಷ್ಟೇ ಅಲ್ಲ, ಒಳಸುದ್ದಿ ಬರೆಯುವವರೂ ನಂಬಿದರು. ಆಗಸ್ಟ್ 2ರ ಸಮ್ಮರ್‌ಸ್ಲ್ಯಾಮ್‌ನಲ್ಲಿ ಸಿಎಂ ಪಂಕ್ ಆಗತಾನೇ ಚಾಂಪಿಯನ್ ಆಗಿ ನಿಂತಿದ್ದಾಗ, ಅದೇ ರಾಲಿನ್ಸ್ ಊರುಗೋಲು ಎಸೆದು ಓಡಿ ಬಂದು ಪಟ್ಟ ಕಸಿದರು. ಕೇಫೇಬ್ ಸತ್ತಿದೆ ಅಂತ ಬರೆದವರೆಲ್ಲ ಆವತ್ತು ಬೆಚ್ಚಿಬಿದ್ದರು.

ಹಾಗಾಗಿ ಇಂಥ ಯಾವ ಶೋ ನೋಡಿದರೂ ಮೊದಲು ಕೊನೆಯಲ್ಲಿ ಬರುವ ತಯಾರಕರ ಹೆಸರು ನೋಡಿ. ಕುಸ್ತಿ ಕಂಪನಿಯ ಹೆಸರು ಅಲ್ಲಿದ್ದರೆ, ಕೆಲಸ ಹೇಗೆ ನಡೆಯುತ್ತದೆ ಅಂತ ತಿಳಿಯಲು ಅದನ್ನು ನಂಬಿ. ಕೆಲಸಗಾರರಿಗೆ ಏನಾಗುತ್ತದೆ ಅಂತ ತಿಳಿಯಲು ಬೇರೆಡೆ ಹೋಗಿ.

ಬೇರೆಡೆ ಅಂದರೆ ನನ್ನ ಮೊದಲ ಆಯ್ಕೆ ನೆಟ್‌ಫ್ಲಿಕ್ಸ್‌ನಲ್ಲೇ ಇರುವ 2023ರ 'ರೆಸ್ಲರ್ಸ್', 7 ಕಂತು, ಗ್ರೆಗ್ ವೈಟ್ಲಿ ನಿರ್ದೇಶನ. ಕೆಂಟಕಿಯ ಲೂಯಿವಿಲ್‌ನಲ್ಲಿರುವ ಓಹಾಯೋ ವ್ಯಾಲಿ ರೆಸ್ಲಿಂಗ್ ಎಂಬ ಪುಟ್ಟ ಕಂಪನಿಯ ಕತೆ. ಸೀನಾ, ಬ್ರಾಕ್ ಲೆಸ್ನರ್, ಬಟಿಸ್ಟಾ ಎಲ್ಲ ಪಳಗಿದ್ದು ಅಲ್ಲೇ. ಸರಣಿ ತೆಗೆಯುವ ಹೊತ್ತಿಗೆ ಅದು ದುಡ್ಡಿಲ್ಲದೆ ಏದುಸಿರು ಬಿಡುತ್ತಿತ್ತು. ಕತೆ ಚೆನ್ನಾಗಿರಬೇಕು ಅಂತ ಅದನ್ನು ನಡೆಸುವ ಮಾಜಿ ಕುಸ್ತಿಪಟು ಅಲ್ ಸ್ನೋ ಹಟ ಹಿಡಿದರೆ, ಟಿಕೆಟ್ ಮಾರಾಟವಾಗಬೇಕು ಅಂತ ಹೊಸ ಮಾಲೀಕರು ಪಟ್ಟು ಹಿಡಿಯುತ್ತಾರೆ. ಆ ಜಗಳದಲ್ಲಿ ಇಬ್ಬರ ಮಾತೂ ಸರಿ ಅನಿಸುತ್ತದೆ. 'ಅನ್‌ರಿಯಲ್' ಮುಗಿಸಿದ್ದೀರಲ್ಲ, ಮುಂದಿನ ವಾರಾಂತ್ಯಕ್ಕೆ ಇದನ್ನು ಇಟ್ಟುಕೊಳ್ಳಿ.